ಕೊನೆಯ ಮೂರು ಕಿಲೋ: ಗೆಳೆಯನಿಗೊಂದು ಪತ್ರ

ಗೆಳೆಯಾ,

ನಿನ್ನ ಮೆಸೇಜ್ ಬಂದಾಗ ರಾತ್ರಿ ಹನ್ನೊಂದೂವರೆ. "ಐದು ವಾರ ಆಯ್ತು, ತೂಕ 78 ಕಿಲೋದಲ್ಲೇ ನಿಂತಿದೆ, 75ಕ್ಕೆ ಇಳೀತಿಲ್ಲ. ನಾಳೆಯಿಂದ ರಾತ್ರಿ ಊಟ ಬಂದ್." ಅಷ್ಟೇ. ಹೇಗಿದ್ದೀಯ ಅಂತ ಒಂದು ಮಾತಿಲ್ಲ. ಓದಿ ನಗು ಬಂತು. ಆಮೇಲೆ ಸ್ವಲ್ಪ ಹೆದರಿಕೆಯೂ ಆಯಿತು. ಯಾಕಂದ್ರೆ ಎರಡು ವರ್ಷದ ಹಿಂದೆ ನಾನೂ ಇದೇ ಮಾತು ಆಡಿದ್ದೆ. ಫೋನ್ ಮಾಡಿದರೆ ನೀನು ಮಧ್ಯದಲ್ಲೇ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಹಾಗೆ ಒದ್ದಾಡುವವರು ಇನ್ನೂ ಇದ್ದಾರು ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಬೇಜಾರು ಮಾಡ್ಕೋಬೇಡ.

ನನ್ನದು 86ರಿಂದ ಶುರುವಾಗಿತ್ತು. ಗುರಿ 70. 72ರವರೆಗೆ ಸರಾಗವಾಗಿ ಇಳಿಯಿತು. ಅಲ್ಲಿಂದ ಮುಂದೆ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಒಂಬತ್ತು ವಾರ! ಆ ಒಂಬತ್ತು ವಾರ ಬೆಳಗ್ಗೆ ನಾನು ಬಚ್ಚಲಲ್ಲಿ ಮಾಡುತ್ತಿದ್ದ ಸರ್ಕಸ್ ನೀನು ನೋಡಬೇಕಿತ್ತು. ಬನಿಯನ್ ತೆಗೆದು, ವಾಚ್ ಬಿಚ್ಚಿ, ಉಸಿರು ಪೂರ್ತಿ ಹೊರಗೆ ಬಿಟ್ಟು ತೂಕದ ಯಂತ್ರ ಹತ್ತುವುದು. 72.3. ಇಳಿದು, ಯಂತ್ರವನ್ನು ಪಕ್ಕದ ಟೈಲ್ ಮೇಲೆ ಇಟ್ಟು ಮತ್ತೆ ಹತ್ತುವುದು. 72.1. ನೀರು ಹೋಗುವ ತೂತಿನ ಹತ್ತಿರದ ಟೈಲ್ ಸ್ವಲ್ಪ ಇಳಿಜಾರು. ಅಲ್ಲಿ ಇಟ್ಟರೆ ಯಾವಾಗಲೂ 71.8. ಅದನ್ನೇ ಬರೆದುಕೊಳ್ಳುತ್ತಿದ್ದೆ. ಒಂದು ದಿನ ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ಡಯಟ್ ನಿಮಗೋ, ಟೈಲಿಗೋ?" ಅಂದಳು.

ಆವತ್ತೇ ರಾತ್ರಿ ಊಟ ಬಿಟ್ಟೆ. ಹನ್ನೊಂದು ದಿನ ನಡೆಯಿತು. ಹನ್ನೆರಡನೇ ರಾತ್ರಿ ಒಂದು ಗಂಟೆಗೆ ಎಚ್ಚರವಾಗಿ ಫ್ರಿಜ್ ಬಾಗಿಲು ತೆಗೆದು ನಿಂತೆ. ಲೈಟ್ ಹಾಕಲಿಲ್ಲ, ತಟ್ಟೆ ತೆಗೆದುಕೊಳ್ಳಲಿಲ್ಲ. ಡಬ್ಬಿಗೇ ಚಮಚ. ಎಷ್ಟು ತಿಂದೆ ಅಂತ ಗೊತ್ತಿಲ್ಲ. ಅದು ಒಂದು ರಾತ್ರಿಗೆ ಮುಗಿಯಲೂ ಇಲ್ಲ. ತಿಂಗಳು ಕಳೆಯುವಷ್ಟರಲ್ಲಿ 75.5. ಎರಡು ಕಿಲೋ ಇಳಿಸಲು ಹೋದವನು ಮೂರೂವರೆ ಏರಿಸಿಕೊಂಡು ಕೂತಿದ್ದೆ.

ಅದಕ್ಕೇ ಹೇಳುತ್ತಿದ್ದೇನೆ, ಈಗ ನೀನು ಮಾಡಬೇಕಾದ್ದು ಇನ್ನೂ ಕಡಿಮೆ ತಿನ್ನುವುದಲ್ಲ.

"ಮೊದಲು ಇಷ್ಟೇ ತಿಂದರೆ ಇಳೀತಿತ್ತು, ಈಗ ಯಾಕೆ ಇಳೀತಿಲ್ಲ" ಅಂತ ಹೋದ ವಾರ ಕೇಳಿದ್ದೆಯಲ್ಲ. ಮೊದಲು ಇದ್ದವನು ಬೇರೆ, ಮಾರಾಯ. ಅವನು 94 ಕಿಲೋ. ಮೆಟ್ಟಿಲು ಹತ್ತುವಾಗ, ನಡೆಯುವಾಗ, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಕೂಡ 16 ಕಿಲೋ ಮೂಟೆಯನ್ನು ಜೊತೆಗೇ ಹೊತ್ತಿದ್ದ. ಈಗ ಆ ಮೂಟೆ ಇಲ್ಲ, ಹಾಗಾಗಿ ಅದನ್ನು ಹೊರುವ ಖರ್ಚೂ ಇಲ್ಲ. ಇಳಿದ ಪ್ರತಿ ಕಿಲೋಗೆ ದಿನದ ಖರ್ಚು ಸುಮಾರು 20ರಿಂದ 30 ಕ್ಯಾಲೊರಿ ತಗ್ಗುತ್ತದೆ ಅಂತ ಲೆಕ್ಕ. ನಿನ್ನ 16 ಕಿಲೋಗೆ ಅದು 400ರ ಆಸುಪಾಸು. ಶುರುವಿನಲ್ಲಿ ನೀನು ದಿನಕ್ಕೆ 500 ಕಡಿಮೆ ತಿನ್ನುತ್ತಿದ್ದೆ ಅಲ್ವಾ? ಅದರಲ್ಲಿ ಉಳಿದದ್ದು ಎಷ್ಟು, ನೀನೇ ಕಳೆದು ನೋಡು.

ಇದರ ಮೇಲೆ ದೇಹದ್ದೂ ಒಂದಿಷ್ಟು ಜಿಪುಣತನ ಇದೆ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಸಂಶೋಧಕರು 1995ರಲ್ಲೇ ಇದನ್ನು ಅಳೆದು ತೋರಿಸಿದ್ದರು. ತೂಕ ಇಳಿಸಿಕೊಂಡವರ ದೇಹ, ಅದರ ಹೊಸ ಗಾತ್ರಕ್ಕೆ ಎಷ್ಟು ಬೇಕೋ ಅದಕ್ಕಿಂತಲೂ ಕಡಿಮೆ ಖರ್ಚು ಮಾಡುತ್ತದೆ. ನಮಗೆ ಗೊತ್ತಾಗದ ಹಾಗೆ ಓಡಾಟವೂ ಕಡಿಮೆಯಾಗುತ್ತದೆ. ನಾನಂತೂ ಆ ದಿನಗಳಲ್ಲಿ ಶೂ ಹಾಕಿಕೊಳ್ಳುವುದಕ್ಕೂ ಕುರ್ಚಿ ಹುಡುಕುತ್ತಿದ್ದೆ. ಸಂಜೆ ವಾಕಿಂಗ್ ಮಾಡಿ ಬಂದು ಉಳಿದ ಹೊತ್ತೆಲ್ಲ ಸೋಫಾಗೆ ಅಂಟಿಕೊಂಡಿರುತ್ತಿದ್ದೆ.

ಖರ್ಚಿಗಿಂತ ದೊಡ್ಡ ತೊಂದರೆ ಹಸಿವಿನದು. ಕೆವಿನ್ ಹಾಲ್ ಅನ್ನುವ ಅಮೆರಿಕದ ಸಂಶೋಧಕ ಮತ್ತು ಜೊತೆಗಾರರು 2016ರಲ್ಲಿ ಅಂದಾಜು ಹಾಕಿದ ಪ್ರಕಾರ, ಇಳಿದ ಪ್ರತಿ ಕಿಲೋಗೆ ಹಸಿವು ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ. ಖರ್ಚು ಇಳಿದದ್ದಕ್ಕಿಂತ ಮೂರು ಪಟ್ಟು ಜಾಸ್ತಿ! ಅಂದರೆ ಇಷ್ಟು ದಿನ ನೀನು 78ರಲ್ಲಿ ಸುಮ್ನೆ ನಿಂತಿಲ್ಲ. ಆ ಹಸಿವನ್ನು ತಡೆದು ನಿಂತಿದ್ದೀಯ. ಇಂಥ ಹೊತ್ತಲ್ಲಿ ರಾತ್ರಿ ಊಟವನ್ನೂ ಕಿತ್ತುಕೊಂಡರೆ ಅದು ಎಲ್ಲಿಂದ ನುಗ್ಗುತ್ತದೆ ಅಂತ ನನ್ನ ಫ್ರಿಜ್ಜನ್ನು ಕೇಳು.

ಈಗ ತೂಕದ ಯಂತ್ರದ ವಿಷಯ. ಇದು ನನಗೆ ಬಹಳ ತಡವಾಗಿ ತಲೆಗೆ ಹೋದದ್ದು. ಒಂದು ಕಿಲೋ ಕೊಬ್ಬು ಅಂದರೆ ಸುಮಾರು 7700 ಕ್ಯಾಲೊರಿ. ನೀನು ದಿನಕ್ಕೆ 250 ಕಡಿಮೆ ತಿನ್ನುತ್ತೀಯ ಅಂದುಕೋ. ವಾರಕ್ಕೆ 1750. ಅಂದರೆ ವಾರಪೂರ್ತಿ ಬಾಯಿ ಕಟ್ಟಿದ್ದಕ್ಕೆ ಇಳಿಯುವುದು ಸುಮಾರು 230 ಗ್ರಾಂ. ಒಂದು ಲೋಟ ನೀರಿನ ತೂಕ! ನಂಬದಿದ್ದರೆ ಯಂತ್ರದ ಮೇಲೆ ನಿಂತುಕೊಂಡೇ ಒಂದು ಲೋಟ ನೀರು ಕುಡಿದು ನೋಡು. ನಾನು ನೋಡಿದ್ದೇನೆ. ವಾರದ ದುಡಿಮೆ ಎರಡು ಗುಟುಕಿಗೆ ಮಾಯ.

ದೇಹದೊಳಗಿನ ನೀರು ಒಂದು ಲೋಟದಷ್ಟು ಮಾತ್ರ ಏರಿಳಿಯುವುದೂ ಅಲ್ಲ. ಸ್ನಾಯು ಮತ್ತು ಲಿವರ್‌ನಲ್ಲಿ ಗ್ಲೈಕೋಜನ್ ಅಂತ ಸಕ್ಕರೆಯ ದಾಸ್ತಾನು ಇರುತ್ತದೆ, ಅರ್ಧ ಕಿಲೋಗೆ ಹತ್ತಿರ. ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಹಿಂದಿನ ದಿನ ಉಪ್ಪು ಜಾಸ್ತಿ ತಿಂದರೆ ನೀರು. ಹೊಸ ವ್ಯಾಯಾಮ ಮಾಡಿ ಮೈಕೈ ನೋವಾದರೆ ನೀರು. ಹೊಟ್ಟೆ ಸರಿಯಾಗಿ ಹೋಗದಿದ್ದರೆ ಅದು ಬೇರೆ. ಹೀಗೆ ಒಂದು, ಒಂದೂವರೆ ಕಿಲೋ ಅತ್ತ ಇತ್ತ ಆಗುವುದು ಏನೂ ಅಲ್ಲ. ಶುರುವಿನಲ್ಲಿ ವಾರಕ್ಕೆ ಮುಕ್ಕಾಲು ಕಿಲೋ ಇಳಿಯುತ್ತಿದ್ದಾಗ ಇದು ಕಣ್ಣಿಗೆ ಬೀಳಲಿಲ್ಲ. ಈಗ ಕೊಬ್ಬು ಇಳಿಯುವುದು ಲೋಟದ ಲೆಕ್ಕದಲ್ಲಿ, ನೀರು ಏರುವುದು ಬಿಂದಿಗೆ ಲೆಕ್ಕದಲ್ಲಿ. ಒಂದು ತಿಂಗಳ ಪ್ರಾಮಾಣಿಕ ಕೆಲಸ ಪೂರ್ತಿ ಅದರಡಿ ಮುಚ್ಚಿಹೋಗಬಹುದು.

75.5ರಿಂದ ಎರಡನೇ ಸಲ ಇಳಿದು ಬಂದಾಗ ನಾನು ಒಂದು ಕೆಲಸ ಮಾಡಿದೆ. ದಿನಾ ತೂಕ ನೋಡಿ, ಏನೂ ಯೋಚಿಸದೆ ಬರೆದಿಟ್ಟು, ಭಾನುವಾರ ಏಳು ದಿನದ್ದನ್ನು ಕೂಡಿಸಿ ಏಳರಿಂದ ಭಾಗಿಸುವುದು. ಒಂದೇ ಟೈಲ್, ಇಳಿಜಾರಿನದಲ್ಲ. ದಿನದ ಅಂಕಿ 72.9, 71.7, 72.6 ಅಂತ ಕುಣಿಯುತ್ತಿತ್ತು. ಸರಾಸರಿ ನೋಡಿದರೆ ಮೊದಲ ವಾರ 72.4, ನಾಲ್ಕನೇ ವಾರ 71.8. ನಿಂತೇಹೋಗಿದೆ ಅಂತ ನಾನು ತಲೆ ಚಚ್ಚಿಕೊಳ್ಳುತ್ತಿದ್ದ ತಿಂಗಳಲ್ಲೇ ಅದು ಇಳಿದಿತ್ತು. ನೀನು ಸೋಮವಾರಕ್ಕೊಂದು ಸಲ ಮಾತ್ರ ನೋಡುತ್ತೀಯ. ಐದು ವಾರ ಅಂದರೆ ಬರೀ ಐದು ಅಂಕಿ. ಅದೂ ಭಾನುವಾರದ ಊಟದ ಮಾರನೇ ದಿನ!

ಸರಾಸರಿಯೂ ಅಲ್ಲಾಡದಿದ್ದರೆ? ಆಗ ನೀನು ಖರ್ಚು ಮಾಡುವಷ್ಟೇ ತಿನ್ನುತ್ತಿದ್ದೀಯ ಅಂತ ಅರ್ಥ. ಇದನ್ನು ಹೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ, ನನಗೂ ಬಂದಿತ್ತು. 1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು, ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಅನ್ನುವವರನ್ನೇ ಆರಿಸಿ ಪರೀಕ್ಷೆ ಮಾಡಿದ್ದರು. ಅವರು ತಿಂದದ್ದನ್ನು ಸರಾಸರಿ 47 ಪರ್ಸೆಂಟ್ ಕಡಿಮೆಯಾಗಿ ಹೇಳಿದ್ದರು, ವ್ಯಾಯಾಮವನ್ನು 51 ಪರ್ಸೆಂಟ್ ಜಾಸ್ತಿ ಹೇಳಿದ್ದರು. ಅವರು ಬೇಕಂತಲೇ ಸುಳ್ಳು ಹೇಳಿದರು ಅಂತ ನನಗನ್ನಿಸುವುದಿಲ್ಲ. ಕೈ ತನಗೆ ಬೇಕಾದ್ದು ಮಾಡುತ್ತದೆ, ತಲೆ ತನಗೆ ಬೇಕಾದ್ದು ಬರೆಯುತ್ತದೆ.

ನನ್ನ ಕೈ ಸಿಕ್ಕಿಬಿದ್ದದ್ದು ಎಣ್ಣೆಯಲ್ಲಿ. ಬೆಳಗಿನ ತಿಂಡಿ ನನ್ನೊಬ್ಬನಿಗೇ ಮಾಡಿಕೊಳ್ಳುತ್ತೇನೆ. ಲೆಕ್ಕದ ಪುಸ್ತಕದಲ್ಲಿ "ಎಣ್ಣೆ, ಒಂದು ದೊಡ್ಡ ಚಮಚ" ಅಂತ ಬರೆಯುತ್ತಿದ್ದೆ. ಅದು 14 ಗ್ರಾಂ, 120 ಕ್ಯಾಲೊರಿ. ಒಂದು ದಿನ ಸುಮ್ನೆ ಕುತೂಹಲಕ್ಕೆ ಬಾಣಲೆಯನ್ನೇ ಅಡುಗೆಮನೆ ತಕ್ಕಡಿ ಮೇಲಿಟ್ಟು, ದಿನಾ ಸುರಿಯುವ ಹಾಗೇ ಬಾಟಲಿ ಬಗ್ಗಿಸಿದೆ. 31 ಗ್ರಾಂ! ಅಂದರೆ ದಿನಾ 150 ಕ್ಯಾಲೊರಿ ಲೆಕ್ಕಕ್ಕೇ ಬಂದಿರಲಿಲ್ಲ. ಕಡಿಮೆ ತಿನ್ನುತ್ತಿದ್ದೇನೆ ಅಂದುಕೊಂಡ 250ರಲ್ಲಿ ಅರ್ಧಕ್ಕಿಂತ ಜಾಸ್ತಿ ಬೆಳಗ್ಗೆ ಎಂಟು ಗಂಟೆಗೇ ಬಾಣಲೆಯಲ್ಲಿ ಹೋಗುತ್ತಿತ್ತು. ನಿನ್ನದು ಎಣ್ಣೆಯೇ ಆಗಿರಬೇಕಿಲ್ಲ. ಮಗಳು ತಟ್ಟೆಯಲ್ಲಿ ಬಿಟ್ಟದ್ದನ್ನು ಬಾಯಿಗೆ ಹಾಕಿಕೊಳ್ಳುತ್ತೀಯ, ನಾನು ನೋಡಿದ್ದೇನೆ. ಹತ್ತು ದಿನ ಅಳೆದು ಬರೆ ಸಾಕು. ಜೀವನಪೂರ್ತಿ ತಕ್ಕಡಿ ಹಿಡಿದು ಕೂರಬೇಕಿಲ್ಲ.

ಆದರೆ ಅದಕ್ಕೂ ಮೊದಲು ಎರಡು ವಾರ ವಿರಾಮ ತಗೋ. ಇಳಿಸುವುದೂ ಬೇಡ, ಏರಿಸುವುದೂ ಬೇಡ, 78ರಲ್ಲೇ ಇರುವಷ್ಟು ತಿನ್ನು. ಆಸ್ಟ್ರೇಲಿಯಾದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಗಿತ್ತು. ಎರಡು ವಾರ ಡಯಟ್, ಎರಡು ವಾರ ವಿರಾಮ ಅಂತ ನಡೆದ ಗಂಡಸರು, ಎಡೆಬಿಡದೆ ಡಯಟ್ ಮಾಡಿದವರಿಗಿಂತ ಜಾಸ್ತಿ ಇಳಿದಿದ್ದರು. ಆಮೇಲಿನ ಎಲ್ಲ ಅಧ್ಯಯನಗಳಲ್ಲೂ ಅದೇ ಫಲ ಸಿಗಲಿಲ್ಲ, ಹಾಗಾಗಿ ಇದು ಮಂತ್ರ ಅಂತ ಹೇಳಲಾರೆ. ನನಗೆ ಲಾಭವಾದದ್ದು ತಲೆಗೆ. ಏಳೆಂಟು ತಿಂಗಳಿಂದ ಬಿಗಿಹಿಡಿದದ್ದು ಸಡಿಲವಾಯಿತು. ಮೊದಲ ಮೂರು ದಿನ ಯಂತ್ರ ಮುಕ್ಕಾಲು ಕಿಲೋ ಏರಿಸಿ ತೋರಿಸಿತು. ನಿನಗೂ ತೋರಿಸುತ್ತದೆ. ಅದು ನೀರು, ಗಾಬರಿಯಾಗಬೇಡ.

ನಿದ್ದೆ ಬಗ್ಗೆ ಒಂದು ಮಾತು. ಹನ್ನೊಂದೂವರೆಗೆ ಮೆಸೇಜ್ ಹಾಕುವವನು ಐದಕ್ಕೆ ಎದ್ದು ಓಡಲು ಹೋಗುತ್ತೀಯಲ್ಲ, ಅದು ಸರಿಯಿಲ್ಲ. ಷಿಕಾಗೋದಲ್ಲಿ ಹತ್ತು ಜನರ ಮೇಲೆ ಒಂದು ಸಣ್ಣ ಪ್ರಯೋಗ ನಡೆದಿತ್ತು, 2010ರಲ್ಲಿ ಪ್ರಕಟವಾಯಿತು. ಊಟ ಅಷ್ಟೇ ಇಟ್ಟು, ನಿದ್ದೆಗೆ ಎಂಟೂವರೆ ತಾಸಿನ ಬದಲು ಐದೂವರೆ ತಾಸು ಕೊಟ್ಟರು. ಇಳಿದ ತೂಕ ಹೆಚ್ಚುಕಡಿಮೆ ಒಂದೇ. ಆದರೆ ಅದರಲ್ಲಿ ಕೊಬ್ಬಿನ ಪಾಲು, ಎಂಟೂವರೆ ತಾಸು ಕೊಟ್ಟಾಗ ಇದ್ದದ್ದರ ಅರ್ಧಕ್ಕೂ ಕೆಳಗೆ ಬಿತ್ತು, ಉಳಿದದ್ದು ಮಾಂಸಖಂಡವೂ ಸೇರಿ ಕೊಬ್ಬಲ್ಲದ ಭಾಗ. ಅದೇ ಕಾರಣಕ್ಕೆ ವಾರಕ್ಕೆರಡು ದಿನ ಭಾರ ಎತ್ತು, ಪ್ರೋಟೀನ್ ಬಿಡಬೇಡ. ಇದೆಲ್ಲ ನಿನಗೆ ಗೊತ್ತಿರುವುದೇ.

ಒಂದು ಪ್ರಶ್ನೆ ಕೇಳಲಾ? 75 ಅಂತ ಯಾರು ಹೇಳಿದ್ದು? ನನ್ನ 70 ಎಲ್ಲಿಂದ ಬಂತು ಅಂತ ಯೋಚಿಸಿ ನೋಡಿದೆ. ಯಾವ ಡಾಕ್ಟರೂ ಹೇಳಿರಲಿಲ್ಲ. ಸೊನ್ನೆ ಇದೆ, ನೋಡಲು ಚೆನ್ನಾಗಿದೆ, ಅಷ್ಟೇ. ನಿನ್ನದು ಮದುವೆ ಹೊತ್ತಿನ ತೂಕ ಅಂತ ನನ್ನ ಗುಮಾನಿ. ತೂಕದ ಐದರಿಂದ ಹತ್ತು ಪರ್ಸೆಂಟ್ ಇಳಿದರೇ ಬಿಪಿ, ಸಕ್ಕರೆ ಸುಧಾರಿಸುತ್ತವೆ ಅಂತ ಡಾಕ್ಟರುಗಳು ಹೇಳುತ್ತಾರೆ. ನೀನು ಹದಿನೇಳು ಪರ್ಸೆಂಟ್ ಇಳಿದಿದ್ದೀಯ. ಡಾಕ್ಟರು ನಿನ್ನ ಬಿಪಿ ಮಾತ್ರೆ ಅರ್ಧ ಮಾಡಿದ ದಿನ ಫೋನಿನಲ್ಲಿ ಕುಣಿದಾಡಿದ್ದು ಮರೆತೆಯಾ? ಆವತ್ತು ನಿನ್ನ ತೂಕ 79. ಅಂದ ಹಾಗೆ, ಮಾತ್ರೆ ತಗೊಳ್ಳುವವನು ಅವರನ್ನು ಕೇಳದೆ ಹೊತ್ತಿನ ಊಟ ಬಿಡುವುದು ತಪ್ಪು. ಇದು ತಮಾಷೆ ಅಲ್ಲ.

75 ಬಿಟ್ಟುಬಿಡು ಅಂತಲೂ ನಾನು ಹೇಳುತ್ತಿಲ್ಲ. ಬೇಕಿದ್ದರೆ ಹೋಗು, ವಾರಕ್ಕೊಂದು ಲೋಟದ ಲೆಕ್ಕದಲ್ಲಿ ಹೋಗು. ಮೂರು ಕಿಲೋಗೆ ಮೂರು ತಿಂಗಳು ಹಿಡಿಯುತ್ತದೆ, ನಾಲ್ಕೂ ಆಗಬಹುದು.

ನಾನೀಗ ಎಷ್ಟಿದ್ದೇನೆ ಅಂತ ನೀನು ಕೇಳಿಯೇ ಕೇಳುತ್ತೀಯ. ಹೋದ ವಾರದ ಸರಾಸರಿ 71.2. ಒಂದು ವರ್ಷದಿಂದ ಅಲ್ಲೇ ಸುತ್ತಾಡುತ್ತಿದೆ. 70 ಅಂತೂ ಒಂದೇ ಒಂದು ಬೆಳಗ್ಗೆ ಕಂಡಿತ್ತು. ಹೊಟ್ಟೆ ಕೆಟ್ಟು ಎರಡು ದಿನ ಮಲಗಿ, ಗೋಡೆ ಹಿಡಿದುಕೊಂಡು ಯಂತ್ರ ಹತ್ತಿದ್ದೆ. ಹೆಂಡತಿಯನ್ನು ಕರೆದು ತೋರಿಸೋಣ ಅಂದುಕೊಂಡರೆ ಕೂಗುವುದಕ್ಕೂ ಶಕ್ತಿ ಇರಲಿಲ್ಲ. ಸಂಜೆ ಹೊತ್ತಿಗೆ ಗಂಜಿ ಕುಡಿದು 71 ಆಗಿದ್ದೆ.

ಇವತ್ತು ರಾತ್ರಿ ಊಟ ಮಾಡು. ಮಾಡಿ ಮೆಸೇಜ್ ಹಾಕು. ಈ ಸಲ ಹೇಗಿದ್ದೀಯ ಅಂತಾನೂ ಒಂದು ಮಾತು ಕೇಳು.

ನಿನ್ನ,
ಇಳಿಜಾರು ಟೈಲಿನವ