ಗೋವಾ ಟ್ರಿಪ್‌ಗೆ ಬರೋರು ಒಮ್ಮೆ ಓದಿ

ಎಲ್ಲರಿಗೂ ನಮಸ್ಕಾರ, ಪಣಜಿಲಿ ಕ್ಯಾಸಿನೊಗೆ ಹೋಗೋಣ ಅಂತ ಸುಮಾರು ಜನ ಕೇಳ್ತಿದೀರಿ ಅದಕ್ಕೆ ಹೇಳ್ತಿದೀನಿ, 21 ವರ್ಷ ಆಗದಿರೋ ಹುಡುಗ್ರನ್ನ ಒಳಗೆ ಬಿಡಲ್ಲ, ಒರಿಜಿನಲ್ ಐಡಿ ತನ್ನಿ. ಅಲ್ಲಿ 1976ರ ಜೂಜು ಕಾಯ್ದೆಗೇ ತಿದ್ದುಪಡಿ ಮಾಡಿ ಫೈವ್ ಸ್ಟಾರ್ ಹೋಟೆಲಲ್ಲಿ ಮಷಿನ್ ಆಟಕ್ಕೆ, ಹಡಗಲ್ಲಿ ಇಸ್ಪೀಟು, ರೂಲೆಟ್ (ತಿರುಗೋ ಚಕ್ರದ ಜೂಜು) ಟೇಬಲ್‌ಗೆ ಪರ್ಮಿಷನ್ ಕೊಟ್ಟಿದಾರೆ, ಆದ್ರೆ ಗೋವಾದವ್ರಿಗೆ 2020ರ ಫೆಬ್ರವರಿಯಿಂದ ಆಡೋಕೆ ಬಿಡಲ್ಲ, ಅಂದ್ರೆ ಖಾಲಿ ಆಗೋದು ನಮ್ಮಂಥ ಹೊರಗಿನವ್ರ ಜೇಬೇ. ಹೋದ ಸಲ ಮಾಂಡೋವಿ ನದಿಲಿರೋ ಕ್ಯಾಸಿನೊ ಹಡಗಲ್ಲಿ ನನ್ನ ಪಕ್ಕದ ಹುಡುಗ ಕೊನೇ ಚಿಪ್‌ನ (ದುಡ್ಡಿನ ಬದ್ಲು ಆಟಕ್ಕಿಡೋ ಬಿಲ್ಲೆ) ಬೆರಳಲ್ಲಿ ಉಜ್ಜುತ್ತಾ ಎಷ್ಟೋ ಹೊತ್ತು ಕೂತಿದ್ದ, ಆಮೇಲೆ ಊರಿಗೆ ಬಸ್ ಚಾರ್ಜೂ ನನ್ನ ಹತ್ರನೇ ಇಸ್ಕೊಂಡ, ಕರುಳು ಚುರುಕ್ ಅಂತು. ಗೆದ್ರೂ 30% ಟ್ಯಾಕ್ಸ್ ಇದೆ. ಗ್ರೂಪ್ ದುಡ್ಡಲ್ಲಿ ಆಟಕ್ಕೆ ಒಂದು ರೂಪಾಯೂ ಕೊಡಲ್ಲ, ದಯವಿಟ್ಟು ಬೇಜಾರ್ ಮಾಡ್ಕೋಬೇಡಿ.