ತೂಕ ನನಗೆ ಹೇಳಬೇಡ, ಪುಟ್ಟಿ

ಸೊಡರ್‌ಟೆಲ್ಯೆ, ಸ್ವೀಡನ್
ಜನವರಿ, ಮಂಗಳವಾರ ರಾತ್ರಿ

ಪುಟ್ಟಿ,

ಭಾನುವಾರ ನೀನು ಫೋನ್ ಇಟ್ಟ ಮೇಲೆ ನಾನು ಮತ್ತೆ ಮಾಡಲಿಲ್ಲ. ಮಾಡಬೇಕಿತ್ತು. ಅಮ್ಮ ಎರಡು ದಿನದಿಂದ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. "ಹಾಗೆ ಕೇಳ್ತಾರೇನ್ರೀ ಯಾರಾದ್ರೂ?" ಅಂದಳು, ಅಷ್ಟೇ. ವಾಟ್ಸಾಪ್‌ನಲ್ಲಿ ಬರೆದರೆ ನೀನು ನೋಡಿ ಸುಮ್ಮನಾಗಿಬಿಡುತ್ತೀಯ. ಹೇಗಿದ್ದರೂ ನೀನಿರುವ ಉಮಿಯೋಗೆ ಒಂದು ಪಾರ್ಸೆಲ್ ಕಳಿಸುವುದಿತ್ತು. ಅದರ ಜೊತೆ ಈ ಕಾಗದವೂ ಇರಲಿ.

ನಾನು ಕೇಳಿದ್ದು ಒಂದೇ ಮಾತು. "ಈಗ ಎಷ್ಟು ತೂಕ ಇದೀಯ?" ಅದು ನಿನಗೆ ಹೇಗೆ ಕೇಳಿಸಿತು ಅಂತ ಗೊತ್ತು. ತಿಪಟೂರಿನ ಆ ಬೇಸಿಗೆ ರಜೆ, ಅತ್ತೆಯ ಮಾತು, ಆಮೇಲಿನ ಒಂದು ವರ್ಷ. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ನಿನಗೂ ನೆನಪಿದೆ, ನನಗೂ ಇದೆ.

ನಾನು ಕೇಳಿದ್ದು ಸ್ಕೀಗೋಸ್ಕರ, ವಾಸಾಲೊಪ್ಪೆಟ್ ಅನ್ನುವ ಆ 90 ಕಿಲೋಮೀಟರಿನ ಸ್ಕೀ ರೇಸ್‌ಗೆ ನೀನು ತಗೊಳ್ಳಬೇಕು ಅಂತಿರುವ ಹಳೇ ಜೋಡಿಗೋಸ್ಕರ. ನೀನು ಕಳಿಸಿದ ಜಾಹೀರಾತಿನಲ್ಲಿ ಮಾರುವ ಹುಡುಗ 195 ಸೆಂಟಿಮೀಟರ್ ಅಂತ ಮಾತ್ರ ಹಾಕಿದ್ದ. ಉದ್ದ ನೋಡಿ ರೇಸಿಂಗ್ ಸ್ಕೀ ತಗೊಂಡರೆ ಏನಾಗುತ್ತದೆ ಅಂತ ನಮ್ಮ ಮನೆಯಲ್ಲಿ ಒಬ್ಬನಿಗೆ ಚೆನ್ನಾಗಿ ಗೊತ್ತಿದೆ. ಅದನ್ನು ಮೊದಲು ಹೇಳಿ ಆಮೇಲೆ ತೂಕ ಕೇಳಬೇಕಿತ್ತು. ನಾನು ಉಲ್ಟಾ ಮಾಡಿದೆ. ತಾತ ಮಂಡಿಯಲ್ಲಿ ಕೊಬ್ಬರಿ ತೂಗುತ್ತಿದ್ದರು, ನಮ್ಮನೆಯಲ್ಲಿ ಬೆಳಗಾದರೆ "ಎಷ್ಟು ತೂಗ್ತು?" ಅನ್ನುವುದೇ ಮಾತು. ಆ ಮನೆಯಲ್ಲಿ ಬೆಳೆದವನಿಗೆ ಅದು ಮನಸ್ಸಿಗೆ ನಾಟುವ ಪ್ರಶ್ನೆ ಅಂತ ಹೊಳೆಯುವುದಿಲ್ಲ. ಇದು ಸಬೂಬು. ಸಬೂಬು ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ.

ನಿನ್ನ ಮೊದಲನೇ ರೇಸ್ ಜ್ಞಾಪಕ ಇದೆಯಾ? ನಿನಗಾಗ 16. ಕ್ಲಬ್‌ನವರದ್ದು, ಐದೈದು ಕಿಲೋಮೀಟರಿನ ಎರಡು ಸುತ್ತು. ಸ್ಕೀ ನಾನೇ ತಂದಿದ್ದೆ. ಆತ 1,200 ಕ್ರೋನರ್ ಹೇಳಿದ, ನಾನು 900ಕ್ಕೆ ಇಳಿಸಿದೆ. ಮನೆಗೆ ಬಂದು ಅಮ್ಮನ ಮುಂದೆ ಎರಡು ಸಲ ಹೇಳಿಕೊಂಡೆ. ನಿನ್ನ ಎತ್ತರ 170, ಅದಕ್ಕೆ ಇಪ್ಪತ್ತೈದೋ ಮೂವತ್ತೋ ಸೇರಿಸಬೇಕು ಅಂತ ಎಲ್ಲೋ ಓದಿದ್ದೆ. ಸ್ಕೀ 197 ಇತ್ತು. ಲೆಕ್ಕ ಸರಿ ಹೋಯಿತು. ಮಾರಿದವನು ಕುಳ್ಳಗೆ, ಗಟ್ಟಿಮುಟ್ಟಾದ ಆಳು. ಕೈ ಕುಲುಕಿದಾಗ ನನ್ನ ಬೆರಳು ನೋವಾಯಿತು. ಅಲ್ಲೇ ಅರ್ಥ ಆಗಬೇಕಿತ್ತು.

ನಾನು ನಿಂತಿದ್ದು ಆ ಕಾಡಿನೊಳಗಿನ ಏರಿನ ಪಕ್ಕ. ಕೈಯಲ್ಲಿ ಹಾರ್ಲಿಕ್ಸ್ ಫ್ಲಾಸ್ಕು. ಮೊದಲನೇ ಸುತ್ತಿನಲ್ಲಿ ನೀನು ಬಂದೆ, ಕಾಲು ಒತ್ತಿದೆ, ಸ್ಕೀ ಹಿಂದಕ್ಕೆ ಜಾರಿತು. ಮತ್ತೆ ಒತ್ತಿದೆ, ಮತ್ತೆ ಜಾರಿತು. ಎರಡು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ. ಸುತ್ತ ನಿಂತವರೆಲ್ಲ "ಹೇಯಾ, ಹೇಯಾ" ಅಂತ ಚಪ್ಪಾಳೆ ತಟ್ಟುತ್ತಿದ್ದರು. ನಾನೊಬ್ಬ ಕನ್ನಡದಲ್ಲಿ "ಒತ್ತು! ಜೋರಾಗಿ ಒತ್ತು!" ಅಂತ ಕಿರುಚುತ್ತಿದ್ದೆ. ಎರಡನೇ ಸುತ್ತಿನಲ್ಲಿ ನೀನು ಒತ್ತುವುದನ್ನೇ ಬಿಟ್ಟು ಟ್ರ್ಯಾಕ್ ಪಕ್ಕಕ್ಕೆ ಹೋಗಿ, ಸ್ಕೀ ಎರಡನ್ನೂ ಅಗಲಿಸಿಕೊಂಡು ಬಾತುಕೋಳಿಯ ಹಾಗೆ ಹತ್ತಿದೆ. ಹತ್ತು ವರ್ಷದ ಒಬ್ಬ ಹುಡುಗ ನಿನ್ನನ್ನು ದಾಟಿಕೊಂಡು ಹೋದ. ನೀನು ತಲೆ ಎತ್ತಲಿಲ್ಲ. ನನ್ನ ಕಡೆಗಂತೂ ನೋಡಲೇ ಇಲ್ಲ.

ಮುಗಿದ ಮೇಲೆ ನೀನು ಸ್ಕೀ ತಿರುಗಿಸಿ ತೋರಿಸಿದೆ. ಹಿಡಿತಕ್ಕೆ ಅಂತ ನಡುಭಾಗಕ್ಕೆ ಹಚ್ಚಿದ್ದ ನೀಲಿ ವ್ಯಾಕ್ಸ್ ಹಚ್ಚಿದ ಹಾಗೇ ಇತ್ತು. ಹತ್ತು ಕಿಲೋಮೀಟರ್ ಓಡಿದರೂ ಒಂದು ಗೀರಿಲ್ಲ. ನೀನು ಹೆಬ್ಬೆರಳಲ್ಲಿ ಒತ್ತಿ, ಮಾತಾಡದೆ ನನ್ನ ಮುಖ ನೋಡಿದೆ. ಇಪ್ಪತ್ತು ವರ್ಷ ಮೆಕ್ಯಾನಿಕಲ್ ಎಂಜಿನಿಯರ್ ಆಗಿ ಕೆಲಸ ಮಾಡಿದವನು ನಾನು. ಉಜ್ಜುವ ಜಾಗ ಸವೆದಿಲ್ಲ ಅಂದರೆ ಅದು ಉಜ್ಜಿಯೇ ಇಲ್ಲ ಅಂತ ಟ್ರೈನಿ ಹುಡುಗರಿಗೆ ಪಾಠ ಹೇಳುವವನು. "ಚೆನ್ನಾಗಿ ಹಚ್ಚಿದೀಯಲ್ಲ" ಅಂದೆ.

ಕಾರಿನಲ್ಲಿ ಇನ್ನೊಂದು ಮಾತು ಅಂದೆ. "ಸರಿಯಾಗಿ ಊಟ ಮಾಡದಿದ್ದರೆ ಕಾಲಿಗೆ ಶಕ್ತಿ ಎಲ್ಲಿಂದ ಬರುತ್ತೆ?" ಆ ವರ್ಷ, ಆ ಹೊತ್ತಿನಲ್ಲಿ, ನಿನಗೆ. ನೀನು ಕಿಟಕಿ ಕಡೆ ತಿರುಗಿಕೊಂಡೆ. ಮನೆ ಬರುವವರೆಗೂ ಗಾಜಿನ ಮೇಲಿನ ಆವಿಯಲ್ಲಿ ಬೆರಳಾಡಿಸುತ್ತಿದ್ದೆ.

ಹೋದ ತಿಂಗಳು ಬೇಸ್‌ಮೆಂಟ್ ಖಾಲಿ ಮಾಡುವಾಗ ಆ ಜೋಡಿ ಸಿಕ್ಕಿತು. ಮಾರೋಣ ಅಂತ ಅಂಗಡಿಗೆ ತಗೊಂಡು ಹೋದೆ. ಅಲ್ಲಿನ ಹುಡುಗ ಅದನ್ನು ಸಪಾಟಾದ ಮೇಜಿನ ಮೇಲಿಟ್ಟು, ಮೇಲಿಂದ ಒಂದು ಕಬ್ಬಿಣದ ಕೈ ಇಳಿಸಿ ಒತ್ತುತ್ತಾ ಹೋದ. "ಇದನ್ನು ಯಾರು ಹಾಕಿಕೊಳ್ಳುತ್ತಿದ್ದರು?" ಅಂದ. ಮಗಳು ಅಂದೆ. "ತೂಕ?" ಆಗ 50 ಇದ್ದಿರಬಹುದು ಅಂದೆ. ಅವನು ನಗಲಿಲ್ಲ. ನಕ್ಕಿದ್ದರೆ ವಾಸಿ ಇತ್ತು. 80–85 ಕಿಲೋದವರು ನಿಂತರೆ ಮಾತ್ರ ಇದರ ನಡುಭಾಗ ನೆಲ ಮುಟ್ಟುತ್ತದೆ ಅಂದ. ಆಮೇಲೆ ನನ್ನನ್ನೇ ಮೇಲಿಂದ ಕೆಳಗೆ ನೋಡಿ, "ನಿಮಗೆ ಸರಿಯಾಗುತ್ತೆ" ಅಂದ.

ನಿನ್ನ ಕಾಲಲ್ಲಿ ಶಕ್ತಿ ಇತ್ತು, ಪುಟ್ಟಿ. ನೀನು ಎಷ್ಟು ಒತ್ತಿದರೂ ಆ ವ್ಯಾಕ್ಸ್ ಹಿಮಕ್ಕೆ ತಾಗುತ್ತಲೇ ಇರಲಿಲ್ಲ. ನಾಲ್ಕು ವರ್ಷ ಆದ ಮೇಲೆ ಹೇಳುತ್ತಿದ್ದೇನೆ. ತಪ್ಪು ನನ್ನದು.

ಈಗ ಶನಿವಾರ ನೀನು ಆ ಸ್ಕೀ ನೋಡಲು ಹೋಗುವ ವಿಷಯ. ಲೆಕ್ಚರ್ ಕೊಡುವುದಿಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೇನೆ. ಆದರೂ ಇಷ್ಟು ಕೇಳು.

ಕ್ಲಾಸಿಕ್ ಸ್ಕೀ ಬಿಲ್ಲಿದ್ದ ಹಾಗೆ. ಜೋಡಿಯನ್ನು ತಳಕ್ಕೆ ತಳ ಸೇರಿಸಿ ಹಿಡಿದರೆ ನಡುವೆ ಸಂದು ಕಾಣುತ್ತದೆ. ಎರಡೂ ಕಾಲ ಮೇಲೆ ಭಾರ ಹಂಚಿ ಜಾರುವಾಗ ಆ ನಡುಭಾಗ ಹಿಮದಿಂದ ಮೇಲೆ ಇರಬೇಕು, ಇಲ್ಲದಿದ್ದರೆ ವ್ಯಾಕ್ಸ್ ಬ್ರೇಕ್ ಹಾಕಿದ ಹಾಗೆ ಎಳೆಯುತ್ತದೆ. ಒಂದೇ ಕಾಲ ಮೇಲೆ ಪೂರ್ತಿ ಭಾರ ಬಿಟ್ಟು ಒದ್ದಾಗ ನಡುಭಾಗ ನೆಲಕ್ಕೆ ಕೂರಬೇಕು. ಒಂದೇ ಉದ್ದದ, ಒಂದೇ ಬಣ್ಣದ ಎರಡು ಜೋಡಿ ತಗೋ, ಒಂದು ನಿನ್ನಂಥವಳಿಗೆ ಆಗುತ್ತದೆ, ಇನ್ನೊಂದು ನನ್ನಂಥವನಿಗೆ. ನೋಡಿದರೆ ಗೊತ್ತೇ ಆಗುವುದಿಲ್ಲ. ಕೈಯಲ್ಲಿ ಹಿಂಡಿ ನೋಡಿ "ಸರಿಯಾಗಿದೆ" ಅನ್ನುವವರನ್ನು ನಂಬಬೇಡ.

ಪರೀಕ್ಷೆಗೆ ಬೇಕಾದ್ದು ಗಟ್ಟಿ, ಸಪಾಟಾದ ನೆಲ, ಒಂದು ತೆಳು ಕಾಗದದ ಪಟ್ಟಿ, ಇನ್ನೊಬ್ಬರು. ಕಾರ್ಪೆಟ್ ಮೇಲೆ ಬೇಡ. ಸ್ಕೀಯ ತೂಕ ಸಮವಾಗುವ ಜಾಗಕ್ಕೆ ಬೂಟಿನ ತುದಿ ಬರುವ ಹಾಗೆ ನಿಲ್ಲು. ಎರಡೂ ಕಾಲ ಮೇಲೆ ನಿಂತಾಗ ಸ್ಕೀ ಕೆಳಗೆ ತೂರಿಸಿದ ಕಾಗದ ಹಿಮ್ಮಡಿಯಿಂದ ಹಿಡಿದು ಬೂಟಿನ ಮುಂದೆ ಒಂದು, ಒಂದೂವರೆ ಗೇಣಿನವರೆಗೆ ಸಲೀಸಾಗಿ ಓಡಾಡಬೇಕು. ಆಮೇಲೆ ಒಂದೇ ಕಾಲಿಗೆ ಭಾರ ಬಿಡು, ಮುಂಗಾಲಿಗೆ. ಈಗ ಕಾಗದ ಎಳೆದರೂ ಬರಬಾರದು. ಬಂದರೆ ಆ ಸ್ಕೀ ನಿನಗೆ ಗಟ್ಟಿ. ಹುಡುಗನಿಗೆ ಥ್ಯಾಂಕ್ಸ್ ಹೇಳಿ ವಾಪಸ್ ಬಾ. ಅರ್ಧ ಬೆಲೆಗೆ ಕೊಡುತ್ತೇನೆ ಅಂದರೂ ಬಾ. ಚೌಕಾಸಿಯಲ್ಲಿ ಗೆದ್ದವರ ಕಥೆ ಮೇಲೆ ಬರೆದಿದ್ದೇನಲ್ಲ.

ಫಿಶರ್ ಕಂಪನಿಯ ಸ್ಕೀ ಆದರೆ ಪಕ್ಕದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಎಫ್‌ಎ ಅಂತ ಒಂದು ನಂಬರ್ ಇರುತ್ತದೆ. ಎಷ್ಟು ಕಿಲೋ ಹಾಕಿದರೆ ಸ್ಕೀ ಹೆಚ್ಚುಕಡಿಮೆ ಪೂರ್ತಿ ಕೂರುತ್ತದೆ ಅಂತ ಫ್ಯಾಕ್ಟರಿಯಲ್ಲಿ ಅಳೆದಿದ್ದು. ಅದರ ಫೋಟೋ ತಗೋ. ಆದರೆ ಹಳೇ ಸ್ಕೀ ಸ್ವಲ್ಪ ಸ್ವಲ್ಪವೇ ಮೆತ್ತಗಾಗುತ್ತದೆ, ಅದಕ್ಕೇ ನಂಬರ್‌ಗಿಂತ ಕಾಗದ ವಾಸಿ. ಅವನು ಇದು ಕ್ಲಿಸ್ಟರ್ ಸ್ಕೀ ಅಂದರೆ ಹುಷಾರು. ಕ್ಲಿಸ್ಟರ್ ಅಂಟಿನ ಪದರ ದಪ್ಪ, ಅದಕ್ಕೆ ಅಂತ ನಡುಭಾಗ ಎತ್ತರ ಇಟ್ಟಿರುತ್ತಾರೆ. ನೀನು ತಗೊಳ್ಳುವುದು ಒಂದೇ ಜೋಡಿ ಅಂದ ಮೇಲೆ ಎರಡರ ಮಧ್ಯೆ ಅನುಮಾನ ಬಂದರೆ ಮೆತ್ತಗಿರುವುದನ್ನೇ ತಗೋ. 60 ಕಿಲೋಮೀಟರ್ ಆದ ಮೇಲೆ ಕಾಲು ಬೆಳಗಿನ ಹಾಗೆ ಒದೆಯುವುದಿಲ್ಲ. ಬೂಟು ಸಿಕ್ಕಿಸುವ ಬೈಂಡಿಂಗ್ ನಿನ್ನ ಬೂಟಿಗೆ ಕೂರುತ್ತದಾ ನೋಡು. ತಳ ಬೆಳ್ಳಗೆ ಒಣಗಿದ್ದರೆ ಪರವಾಗಿಲ್ಲ, ಬಿಸಿ ವ್ಯಾಕ್ಸ್ ಕುಡಿಸಬಹುದು. ಪದರ ಬಿಟ್ಟುಕೊಂಡಿದ್ದರೆ ಬೇಡ. ಫ್ಲೋರಿನ್ ವ್ಯಾಕ್ಸ್ ಫ್ರೀ ಕೊಡುತ್ತೇನೆ ಅಂದರೆ ಅದೂ ಬೇಡ, 2023–24ರ ಸೀಸನ್‌ನಿಂದ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ (ಎಫ್‌ಐಎಸ್) ರೇಸ್‌ಗಳಲ್ಲಿ ಅದಕ್ಕೆ ನಿಷೇಧ ಇದೆ.

ಲೆಕ್ಚರ್ ಆಗಿಯೇ ಹೋಯಿತು.

ನನಗೆ ನಿದ್ದೆ ಬರದಿರುವುದು ಬೇರೆ ಕಾರಣಕ್ಕೆ. ವಾಸಾಲೊಪ್ಪೆಟ್‌ನಲ್ಲಿ ಸೀಡಿಂಗ್, ಅಂದರೆ ಹಿಂದಿನ ರೇಸಿನ ಟೈಮ್ ನೋಡಿ ಕೊಡುವ ಜಾಗ, ಇಲ್ಲದವರನ್ನು ಕೊನೆಯ ಗುಂಪಿಗೆ ಹಾಕುತ್ತಾರೆ. ಸೇಲೆನ್‌ನಲ್ಲಿ ಹೊರಟ ಕೂಡಲೇ ಉದ್ದಕ್ಕೆ ಏರು. ಸಾವಿರಾರು ಜನ, ಒಬ್ಬರ ಸ್ಕೀ ಬಾಲದ ಮೇಲೆ ಇನ್ನೊಬ್ಬರ ಮೂತಿ. ಅಲ್ಲಿ ಹಿಂದಕ್ಕೆ ಜಾರಿದರೆ ಪಕ್ಕಕ್ಕೆ ಹೋಗಿ ಬಾತುಕೋಳಿ ಹಾಗೆ ಹತ್ತುವುದಕ್ಕೂ ಜಾಗ ಇರುವುದಿಲ್ಲ. ಹಿಂದಿನವರ ಮೇಲೆ ಬೀಳುತ್ತೀಯ, ಕೋಲು ಮುರಿಯುತ್ತದೆ, ಮುಂದೆ ಇನ್ನೂ 88 ಕಿಲೋಮೀಟರ್. ಯೂಟ್ಯೂಬಿನಲ್ಲಿ ಆ ಏರಿನ ವಿಡಿಯೋ ಎಷ್ಟು ಸಲ ನೋಡಿದೆನೋ. ಪ್ರತಿ ಸಲವೂ ಆ ಗುಂಪಿನಲ್ಲಿ 16 ವರ್ಷದ ನೀನೇ ಕಾಣುತ್ತೀಯ, ತಲೆ ತಗ್ಗಿಸಿಕೊಂಡು.

ಹಾಗಂತ ಹೋಗಬೇಡ ಅನ್ನುತ್ತಿಲ್ಲ. 1923ರಲ್ಲಿ ಮಾರ್ಗಿತ್ ನುರ್ದಿನ್ ಅನ್ನುವ ಹೆಂಗಸು ಆ 90 ಕಿಲೋಮೀಟರ್ ಮುಗಿಸಿದ್ದಕ್ಕೆ ಮರುವರ್ಷದಿಂದ ಹೆಂಗಸರಿಗೇ ಬಾಗಿಲು ಹಾಕಿದರು. ಮತ್ತೆ ತೆಗೆದಿದ್ದು 1981ರಲ್ಲಿ. ಇದನ್ನು ಆಫೀಸಿನಲ್ಲಿ ಎಲ್ಲರಿಗೂ ಹೇಳುತ್ತಿದ್ದೇನೆ, ಸ್ವೀಡನ್‌ನವರಿಗೇ. ಅವರಿಗೆ ಗೊತ್ತಿರುವುದೇ. ನಾನು ಹೇಳುವುದು "ಮಗಳು ಹೋಗ್ತಿದಾಳೆ" ಅನ್ನುವ ಕೊನೆಯ ವಾಕ್ಯಕ್ಕೋಸ್ಕರ. ಅವರಿಗೆ ಅದೂ ಗೊತ್ತಾಗಿದೆ.

ತೂಕದ ಮಾತು ಇನ್ನೊಂದೇ ಸಲ. ಮಾರುವವನು ಕೇಳಿದರೆ ಅವನಿಗೆ ಸರಿಯಾಗಿ ಹೇಳು, ಬಟ್ಟೆ, ನೀರಿನ ಬೆಲ್ಟು ಸೇರಿಸಿ. ಕಮ್ಮಿ ಹೇಳಬೇಡ, ಜಾಸ್ತಿಯೂ ಹೇಳಬೇಡ. ನನಗೆ ಹೇಳಬೇಡ. ಯಾರಿಗೂ ಹೇಳುವುದು ಬೇಡ ಅನ್ನಿಸಿದರೆ ಕಾಗದದ ಮೇಲೆ ನಿಂತರೆ ಸಾಕು.

ಆ ಹಳೇ ಜೋಡಿ ಮಾರಲಿಲ್ಲ. ಹೋದ ಶನಿವಾರ ಒಗೆಸ್ಟಾದ ಸ್ಕೀ ಟ್ರ್ಯಾಕ್‌ಗೆ ತಗೊಂಡು ಹೋಗಿದ್ದೆ, ಅಲ್ಲಿ ಮಷೀನಿನ ಹಿಮ ಹಾಕಿದ್ದಾರೆ. ಅಂಗಡಿಯವನು ಹೇಳಿದ್ದು ನಿಜ. ಏರಿನಲ್ಲಿ ಒತ್ತಿದರೆ ಕಚ್ಚಿಕೊಳ್ಳುತ್ತದೆ, ಒಂದು ಇಂಚು ಜಾರಲಿಲ್ಲ. ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದೆ. ಇಳಿಯುವಾಗ ಮೂರು ಸಲ ಬಿದ್ದೆ. ಅಮ್ಮ ವಿಡಿಯೋ ಮಾಡಿದ್ದಾಳೆ, ಕಳಿಸಬೇಡ ಅಂದಿದ್ದೇನೆ, ಕಳಿಸಿಯೇ ಕಳಿಸುತ್ತಾಳೆ.

ಪಾರ್ಸೆಲ್‌ನಲ್ಲಿ ಕೋಡುಬಳೆ, ಚಟ್ನಿಪುಡಿ, ಉಣ್ಣೆ ಸಾಕ್ಸ್ ಇದೆ. ಸಾಕ್ಸ್ ಒಳಗೆ ನನ್ನ ಫೀಲರ್ ಗೇಜ್ ಇಟ್ಟಿದ್ದೇನೆ, ಸಂದು ಅಳೆಯುವ ತೆಳು ಪಟ್ಟಿಗಳ ಜೋಡಣೆ, ನಮ್ಮೂರ ಗ್ಯಾರೇಜಿನವರು ಫಿಲ್ಲರ್ ಗೇಜ್ ಅನ್ನುತ್ತಾರಲ್ಲ, ಅದು. 0.1 ಮತ್ತು 0.2 ಮಿಲಿಮೀಟರ್ ಪಟ್ಟಿಗಳಿಗೆ ಕೆಂಪು ಚುಕ್ಕಿ ಹಾಕಿದ್ದೇನೆ. ಕಾಗದದ ಬದಲು ಅದನ್ನೇ ಬಳಸಬಹುದು. ಕೋಡುಬಳೆ ತಿಂದ ಕೈಯಲ್ಲಿ ಮುಟ್ಟಬೇಡ, ಎಣ್ಣೆ ಹತ್ತಿದರೆ ಪಟ್ಟಿ ಅಂಟಿಕೊಳ್ಳುತ್ತದೆ. ಕೆಲಸ ಆದ ಮೇಲೆ ವಾಪಸ್ ಕಳಿಸು, ಅದು ಫ್ಯಾಕ್ಟರಿಯದ್ದಲ್ಲ, ನನ್ನದೇ.

ಅಪ್ಪ