ಬೈ ಎಲ್ಲ ಮೊದಲ ಸುತ್ತಿನಲ್ಲೇ ಮುಗಿಯಲಿ

ಮಾನ್ಯ ಸಂಪಾದಕರೇ,

ಮಳೆ ನಿಂತು ಗದ್ದೆ ಒಣಗಿತು ಅಂದರೆ ನಮ್ಮ ಉಡುಪಿ ಕಡೆ ಹೊನಲು ಬೆಳಕಿನ ಪಂದ್ಯಾಟಗಳು ಶುರು. ಕಬಡ್ಡಿ, ವಾಲಿಬಾಲ್, ಅಂಡರ್‌ಆರ್ಮ್ ಕ್ರಿಕೆಟ್, ಏನಾದರೊಂದು. ಶನಿವಾರ ರಾತ್ರಿ ಕಟಪಾಡಿಯಿಂದ ಬ್ರಹ್ಮಾವರದವರೆಗೆ ಎಲ್ಲಾದರೂ ಒಂದು ಕಡೆ ಫ್ಲಡ್‌ಲೈಟ್ ಉರಿಯುತ್ತಲೇ ಇರುತ್ತದೆ. ಲೈಟು, ಅಂಕಣ, ಊಟ, ಟ್ರೋಫಿ ಎಲ್ಲದಕ್ಕೂ ಯುವಕ ಮಂಡಲದ ಹುಡುಗರು ತಿಂಗಳುಗಟ್ಟಲೆ ಓಡಾಡುತ್ತಾರೆ. ಆದರೆ ಯಾರ ಮೇಲೆ ಯಾರು ಆಡಬೇಕು ಅನ್ನುವುದನ್ನು ಮಾತ್ರ ಕೊನೇ ಹತ್ತು ನಿಮಿಷದಲ್ಲಿ, ಟೇಬಲ್ ಮೇಲೆ ಚೀಟಿ ಸುರಿದು ಮುಗಿಸಿಬಿಡುತ್ತಾರೆ. ಈ ಪತ್ರ ಅದಕ್ಕೇ.

ಕಳೆದ ಸೀಸನ್‌ನಲ್ಲಿ ನಮ್ಮ ಹುಡುಗರ ಜೊತೆ ಒಂದು ಕಬಡ್ಡಿ ಪಂದ್ಯಾಟಕ್ಕೆ ಹೋಗಿದ್ದೆ. 23 ತಂಡ ಬಂದಿತ್ತು. ಪ್ರತಿ ಸುತ್ತಿಗೂ ಹೊಸದಾಗಿ ಚೀಟಿ ಎತ್ತಿದರು. 23 ಬೆಸ ಸಂಖ್ಯೆ, ಹಾಗಾಗಿ ಒಂದು ತಂಡಕ್ಕೆ ಬೈ, ಅಂದರೆ ಆಡದೆಯೇ ಮುಂದಿನ ಸುತ್ತಿಗೆ. ಉಳಿದದ್ದು 12, ಆಮೇಲೆ 6, ಆಮೇಲೆ 3. ಮೂರೇ ತಂಡ ಇದ್ದರೆ ಮತ್ತೆ ಒಬ್ಬರಿಗೆ ಬೈ ಕೊಡಲೇಬೇಕಲ್ವಾ, ಅದೂ ಸೆಮಿಫೈನಲ್‌ನಲ್ಲಿ! ಚೀಟಿ ಎತ್ತಿದರೆ ಮೊದಲ ಸುತ್ತಿನಲ್ಲಿ ಬೈ ಸಿಕ್ಕಿದ ತಂಡಕ್ಕೇ ಅದೂ ಸಿಕ್ಕಿತು. ಅವರು ಎರಡೇ ಪಂದ್ಯ ಆಡಿ ಫೈನಲ್‌ಗೆ ಬಂದರು, ನಮ್ಮವರು ನಾಲ್ಕು ಆಡಿ ಬಂದಿದ್ದರು. ಆಗ ರಾತ್ರಿ ಎರಡೂವರೆ ಗಂಟೆ. ನಮ್ಮ ಮುಖ್ಯ ರೈಡರ್ ಬೆಂಚಿನ ತುದಿಯಲ್ಲಿ ಕೂತು, ಟವೆಲಿನಲ್ಲಿ ಐಸ್ ಸುತ್ತಿ ಮೊಣಕಾಲಿಗೆ ಒತ್ತಿ ಹಿಡಿದಿದ್ದ, ನೀರು ಅವನ ಕಾಲಿನ ಮೇಲೆ ಇಳಿದು ಮಣ್ಣೆಲ್ಲ ಕೆಸರಾಗಿತ್ತು. ಆ ಕಡೆ ತಂಡದವರು ಆರಾಮಾಗಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಸೋತೆವು. ಅವರ ತಪ್ಪು ಏನೂ ಇಲ್ಲ, ಯಾರೂ ಮೋಸ ಮಾಡಲಿಲ್ಲ, ಚೀಟಿ ಎಲ್ಲರ ಕಣ್ಣೆದುರೇ ಎತ್ತಿದ್ದು. ತಪ್ಪಿದ್ದು ಲೆಕ್ಕ.

ಲೆಕ್ಕ ಕಷ್ಟದ್ದೂ ಅಲ್ಲ. ನಾಕೌಟ್ ಅಂದರೆ ಪ್ರತಿ ಸುತ್ತಿಗೂ ಅರ್ಧ ಆಗುತ್ತಾ ಹೋಗಬೇಕು, ಅದಕ್ಕೆ 2, 4, 8, 16, 32 ಈ ಮೆಟ್ಟಿಲುಗಳೇ ಬೇಕು. 23ರ ಮೇಲಿನ ಮೆಟ್ಟಿಲು 32. ಅದರಲ್ಲಿ 23 ಕಳೆದರೆ 9. ಅಷ್ಟೂ ಬೈಗಳನ್ನು ಮೊದಲ ಸುತ್ತಿನಲ್ಲೇ ಕೊಟ್ಟು ಮುಗಿಸಬೇಕು. ಉಳಿದ 14 ತಂಡ 7 ಪಂದ್ಯ ಆಡುತ್ತವೆ, ಗೆದ್ದ 7, ಬೈ ಸಿಕ್ಕಿದ 9, ಒಟ್ಟು 16. ಅಲ್ಲಿಂದ ಮುಂದೆ ಬೈ ಅನ್ನುವ ಮಾತೇ ಇಲ್ಲ. ಫೈನಲ್‌ಗೆ ಬರುವ ಎರಡು ತಂಡಗಳ ನಡುವೆ ಜಾಸ್ತಿ ಅಂದರೆ ಒಂದು ಪಂದ್ಯದ ವ್ಯತ್ಯಾಸ. ಸಮಯ ಜಾಸ್ತಿ ಹಿಡಿಯುತ್ತದೆ ಅನ್ನುವವರಿಗೆ ಹೇಳುತ್ತೇನೆ, ಪಂದ್ಯಕ್ಕೊಂದು ತಂಡ ಹೊರಗೆ ಹೋಗುವುದರಿಂದ 23 ತಂಡಕ್ಕೆ ಹೇಗೆ ಮಾಡಿದರೂ 22 ಪಂದ್ಯವೇ. ಲೈಟಿನ ಬಾಡಿಗೆ ಒಂದು ರೂಪಾಯಿಯೂ ಹೆಚ್ಚಾಗುವುದಿಲ್ಲ.

ಇನ್ನೊಂದು ವಿಷಯ, ಸೀಡಿಂಗ್, ಅಂದರೆ ಬಲ ಇದ್ದ ತಂಡಗಳು ಮೊದಲೇ ಎದುರಾಗದ ಹಾಗೆ ಚಾರ್ಟಿನಲ್ಲಿ ದೂರ ದೂರ ಇಡುವುದು. ಊರಿಗೆ ಊರೇ ನೋಡಬೇಕೆಂದು ಕಾಯುವ ಎರಡು ತಂಡ ಮೊದಲ ಸುತ್ತಿನಲ್ಲೇ ಎದುರಾಗಿ, ಒಂಬತ್ತು ಗಂಟೆಗೆ ಒಂದು ತಂಡ ಬ್ಯಾಗ್ ಹಿಡಿದು ಮನೆಗೆ ಹೊರಡುವುದನ್ನು ಎಷ್ಟು ಸಲ ನೋಡಿದ್ದೇನೋ. ವಿಂಬಲ್ಡನ್‌ನಲ್ಲಿ 2001ರಿಂದ ಸಿಂಗಲ್ಸ್‌ಗೆ 32 ಸೀಡ್ ಇಡುತ್ತಾರೆ. ನಮಗೆ ಅಷ್ಟೆಲ್ಲ ಬೇಡ, ನಾಲ್ಕು ಸಾಕು. ಹಿಂದಿನ ವರ್ಷ ಗೆದ್ದವರು ಚಾರ್ಟಿನ ಮೇಲ್ತುದಿಗೆ, ರನ್ನರ್ಸ್ ಕೆಳತುದಿಗೆ, ಸೆಮಿಯಲ್ಲಿ ಸೋತ ಇಬ್ಬರು ಉಳಿದ ಎರಡು ಕಾಲುಭಾಗಕ್ಕೆ ಒಬ್ಬೊಬ್ಬರು. ಮಿಕ್ಕ ಎಲ್ಲರಿಗೂ ಚೀಟಿ. ಬಲ ಇದ್ದವರಿಗೇ ಅನುಕೂಲ ಆಯಿತು ಎಂದು ಕೆಲವರು ಹೇಳಬಹುದು. ಆದರೆ ಆ ಜಾಗವನ್ನು ಅವರು ಆಡಿಯೇ ಗಳಿಸಿದ್ದು, ಈ ವರ್ಷ ಅವರನ್ನು ಸೋಲಿಸಿದರೆ ಮುಂದಿನ ವರ್ಷ ಅದು ನಿಮ್ಮದು. ಹಾಗೇ ಒಂದೇ ಮಂಡಲದ ಎ ಮತ್ತು ಬಿ ತಂಡ ಬಂದಿದ್ದರೆ ಬೇರೆ ಬೇರೆ ಅರ್ಧಕ್ಕೆ ಹಾಕಿ. ದೂರದಿಂದ ವ್ಯಾನ್ ಮಾಡಿಕೊಂಡು ಬಂದವರು ತಮ್ಮವರ ಮೇಲೇ ಆಡಿ ಹೋಗುವುದು ಬೇಡ.

ಎರಡನೇ ಬಹುಮಾನದ ಬಗ್ಗೆಯೂ ಯೋಚಿಸಬೇಕು. ಆಲಿಸ್ ಕಥೆ ಬರೆದ ಲೂಯಿಸ್ ಕ್ಯಾರೊಲ್ ಗಣಿತದ ಮೇಷ್ಟ್ರು. ಅವರು 1883ರಲ್ಲೇ ಲಾನ್ ಟೆನಿಸ್ ನೋಡಿ ಇದನ್ನು ಹೇಳಿದ್ದರು. ಸುಮ್ನೆ ಚೀಟಿ ಎತ್ತಿದರೆ, 32 ಜನರಲ್ಲಿ ನಿಜವಾದ ಎರಡನೇ ಆಟಗಾರ ಚಾಂಪಿಯನ್ ಇರುವ ಅರ್ಧದಲ್ಲೇ ಬೀಳುವ ಸಾಧ್ಯತೆ 31ರಲ್ಲಿ 15, ಅಂದರೆ ಹತ್ತಿರ ಹತ್ತಿರ ಅರ್ಧ. ಅವನು ಫೈನಲ್‌ಗಿಂತ ಮೊದಲೇ ಚಾಂಪಿಯನ್ ಕೈಯಲ್ಲಿ ಸೋತು ಮನೆಗೆ ಹೋಗುತ್ತಾನೆ. ಕುಸ್ತಿಯಲ್ಲಿ ಇದಕ್ಕೊಂದು ದಾರಿ ಇಟ್ಟಿದ್ದಾರೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರ್ ಮೊದಲ ಕುಸ್ತಿಯಲ್ಲೇ ಸೋತಿದ್ದರು. ಅವರನ್ನು ಸೋಲಿಸಿದವನು ಫೈನಲ್ ತಲುಪಿದ್ದರಿಂದ ರೆಪೆಚಾಜ್‌ನಲ್ಲಿ (ಫೈನಲ್ ತಲುಪಿದವರ ಕೈಲಿ ಸೋತವರಿಗೆ ಇಡುವ ಸುತ್ತು) ಮತ್ತೆ ಅವಕಾಶ ಸಿಕ್ಕಿತು, ಅಲ್ಲಿ ಮೂರು ಕುಸ್ತಿ ಗೆದ್ದು ಕಂಚು ತಂದರು. ರಾತ್ರಿ ಎರಡು ಗಂಟೆಯ ಕಬಡ್ಡಿಗೆ ಇದು ಆಗದ ಮಾತು, ಒಪ್ಪುತ್ತೇನೆ. ಆದರೆ ಹಗಲು ನಡೆಯುವ ಶಟಲ್, ಕೇರಂ ಪಂದ್ಯಾಟಗಳಲ್ಲಿ ಖಂಡಿತ ಆಗುತ್ತದೆ. 32 ಜನರಲ್ಲಿ ಚಾಂಪಿಯನ್ ಕೈಲಿ ಸೋತವರು ಐದೇ ಜನ, ಅವರೊಳಗೆ ನಾಲ್ಕು ಪಂದ್ಯ ಆಡಿಸಿದರೆ ಎರಡನೆಯವನು ಯಾರು ಎಂದು ಗೊತ್ತಾಗುತ್ತದೆ.

ಸಂಘಟಕರಲ್ಲಿ ನನ್ನ ಕೋರಿಕೆ ಇಷ್ಟೇ. ಎಂಟ್ರಿ ಮುಗಿದ ಮೇಲೆ, ಮೊದಲ ವಿಸಿಲ್‌ಗಿಂತ ಮೊದಲು, ಎಲ್ಲ ತಂಡದ ನಾಯಕರನ್ನು ಕರೆದು ಒಂದೇ ಸಲ ಚೀಟಿ ಎತ್ತಿ. ಫೈನಲ್‌ವರೆಗಿನ ಗೆರೆಗಳನ್ನು ಒಂದು ಡ್ರಾಯಿಂಗ್ ಶೀಟ್‌ನಲ್ಲಿ ದೊಡ್ಡದಾಗಿ ಎಳೆದು ಸ್ಕೋರರ್ ಟೇಬಲ್ ಹಿಂದೆ ಅಂಟಿಸಿ. ಮಧ್ಯರಾತ್ರಿ ಮತ್ತೆ ಚೀಟಿ ಡಬ್ಬ ತೆಗೆಯಬೇಡಿ.

— ಒಬ್ಬ ಕಬಡ್ಡಿ ಅಭಿಮಾನಿ, ಕಟಪಾಡಿ